ಗುರುವಿಗೆ ಅನುದಾನ, ಮಂತ್ರಿಗೆ ಆಶೀರ್ವಾದ

2020ರ ಜನವರಿಯಲ್ಲಿ, ಸಂಕ್ರಾಂತಿಯ ಹೊತ್ತಿಗೆ, ಹರಿಹರದ ಪಂಚಮಸಾಲಿ ಪೀಠದ ಹರ ಜಾತ್ರೆಯ ವೇದಿಕೆಯಲ್ಲಿ ನಡೆದದ್ದನ್ನು ನಾಡಿನ ಜನ ಟಿ.ವಿ.ಯಲ್ಲಿ ಮತ್ತೆ ಮತ್ತೆ ನೋಡಿದ್ದಾರೆ. ವಚನಾನಂದ ಸ್ವಾಮೀಜಿ ಮೈಕಿನ ಮುಂದೆ ನಿಂತು, ಮುರುಗೇಶ ನಿರಾಣಿ ಅವರನ್ನು ಮಂತ್ರಿ ಮಾಡದಿದ್ದರೆ ಸಮುದಾಯ ನಿಮ್ಮ ಕೈಬಿಡುತ್ತದೆ ಎಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರನ್ನು ಎಚ್ಚರಿಸಿದರು. ಅದೇ ವೇದಿಕೆಯಲ್ಲಿ ಕೂತಿದ್ದ ಯಡಿಯೂರಪ್ಪ ತಟ್ಟನೆ ಎದ್ದರು. ಹೀಗೆಲ್ಲ ಮಾತಾಡುವುದಾದರೆ ಹೊರಟೇಬಿಡುತ್ತೇನೆ ಎಂದರು. ಬೇಕಿದ್ದರೆ ರಾಜೀನಾಮೆಗೂ ಸಿದ್ಧ ಎಂದು ಆಮೇಲೆ ಹೇಳಿದರು. ಮುಂದಿನ ಚರ್ಚೆಯೆಲ್ಲ ಸ್ವಾಮೀಜಿಯ ನಡೆ ಸಭ್ಯವೇ, ಮುಖ್ಯಮಂತ್ರಿಯ ಸಿಟ್ಟು ಸರಿಯೇ ಎಂಬುದರ ಸುತ್ತಲೇ ಗಿರಕಿ ಹೊಡೆಯಿತು. ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು. ಸನ್ಯಾಸಿಯೊಬ್ಬರಿಗೆ ಸಾವಿರಾರು ಜನರೆದುರು ಮುಖ್ಯಮಂತ್ರಿಗೆ ಹಾಗೆ ಹೇಳುವ ಧೈರ್ಯ ಎಲ್ಲಿಂದ ಬಂತು? ಭಕ್ತರ ಮತಗಳು ಅವರ ಕೈಯಲ್ಲಿವೆಯಲ್ಲ, ಅದರಿಂದ ಎಂಬುದು ಎಲ್ಲರ ಬಾಯಲ್ಲಿರುವ ಉತ್ತರ. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಮಠಾಧೀಶರಿಗೆ ಇಂದು ಇರುವ ರಾಜಕೀಯ ಬಲವನ್ನು ರಾಜಕಾರಣಿಗಳೇ ತಮ್ಮ ಅನುಕೂಲಕ್ಕೆಂದು ಕೊಟ್ಟಿದ್ದಾರೆ. ಬೇಡವೆನಿಸಿದ ದಿನ ಅವರೇ ಅದನ್ನು ಕಿತ್ತುಕೊಳ್ಳಲೂ ಬಲ್ಲರು.

ಮತಗಳ ಲೆಕ್ಕವನ್ನೇ ಮೊದಲು ನೋಡೋಣ. 2018ರ ಮಾರ್ಚ್ 19ರಂದು ಸಿದ್ದರಾಮಯ್ಯ ಸಂಪುಟ, ನಾಗಮೋಹನದಾಸ್ ಸಮಿತಿಯ ವರದಿಯನ್ನು ಆಧರಿಸಿ, ಲಿಂಗಾಯತಕ್ಕೆ ಪ್ರತ್ಯೇಕ ಅಲ್ಪಸಂಖ್ಯಾತ ಧರ್ಮದ ಮಾನ್ಯತೆ ಕೊಡುವಂತೆ ಕೇಂದ್ರಕ್ಕೆ ಶಿಫಾರಸು ಮಾಡಿತು. ಏಪ್ರಿಲ್‌ನಲ್ಲಿ ಹಲವು ವಿರಕ್ತ ಮಠಾಧೀಶರು ಬೆಂಗಳೂರಿನಲ್ಲಿ ಸೇರಿ ಸಿದ್ದರಾಮಯ್ಯ ಅವರಿಗೆ ಬೆಂಬಲ ಸಾರಿದರು. ಪಂಚಪೀಠಗಳ ಕಡೆಯವರು ಅಷ್ಟೇ ಬಿರುಸಾಗಿ ವಿರೋಧಿಸಿದರು. ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ, 2013ರಲ್ಲಿ 122 ಸ್ಥಾನ ಗೆದ್ದಿದ್ದ ಕಾಂಗ್ರೆಸ್ ಎಂಬತ್ತರ ಆಸುಪಾಸಿಗೆ ಕುಸಿದಿತ್ತು. ಪ್ರತ್ಯೇಕ ಧರ್ಮದ ಚಳವಳಿಯ ಮುಂಚೂಣಿಯಲ್ಲಿದ್ದ ಸಚಿವರಲ್ಲಿ ಎಂ.ಬಿ. ಪಾಟೀಲರು ಬಬಲೇಶ್ವರದಲ್ಲಿ ಗೆದ್ದರು. ಧಾರವಾಡದಲ್ಲಿ ವಿನಯ ಕುಲಕರ್ಣಿ, ಯಲಬುರ್ಗಾದಲ್ಲಿ ಬಸವರಾಜ ರಾಯರಡ್ಡಿ, ಸೇಡಂನಲ್ಲಿ ಶರಣಪ್ರಕಾಶ ಪಾಟೀಲ ಸೋತರು. ಸ್ವಾಮೀಜಿಗಳೇ ಎರಡು ಬಣವಾದಾಗ ಮತದಾರ ಯಾರ ಅಪ್ಪಣೆಗೂ ಕಾಯುವಂತಿರಲಿಲ್ಲ. ಬೆಳೆವಿಮೆ, ಸಾಲಮನ್ನಾ, ಊರಿನ ನೀರು, ಅಭ್ಯರ್ಥಿಯ ಗುಣ ಇವನ್ನೆಲ್ಲ ತೂಗಿ ನೋಡಿ ಬಟನ್ ಒತ್ತಿದ. ಅವನ ಭಕ್ತಿ ಅವನಲ್ಲೇ ಉಳಿಯಿತು.

ಇದೊಂದೇ ಉದಾಹರಣೆಯಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. 2008ರಲ್ಲಿ ಅಧಿಕಾರಕ್ಕೆ ಬಂದ ಯಡಿಯೂರಪ್ಪ ಬಜೆಟ್‌ಗಳಲ್ಲಿ ಮಠಗಳಿಗೆ ಧಾರಾಳವಾಗಿ ಹಣ ಇಟ್ಟರು. ಬಿಜೆಪಿ ತೊರೆದು ಕೆಜೆಪಿ ಕಟ್ಟಿ 2013ರಲ್ಲಿ ಚುನಾವಣೆಗೆ ಇಳಿದಾಗ ಅವರಿಗೆ ಸಿಕ್ಕಿದ್ದು ಆರು ಸ್ಥಾನ. ಶೇ 10ರ ಆಸುಪಾಸು ಮತ ಬಂತು, ನಿಜ. ಅದು ಅವರ ಸ್ವಂತ ವರ್ಚಸ್ಸಿನ ಮತ. ಅನುದಾನ ಪಡೆದ ಮಠಗಳ ಋಣಸಂದಾಯ ಆಗಿದ್ದರೆ ಕಥೆಯೇ ಬೇರೆ ಇರುತ್ತಿತ್ತು. 2021ರ ಜುಲೈಯಲ್ಲಿ ಯಡಿಯೂರಪ್ಪ ಕುರ್ಚಿ ಬಿಡುತ್ತಾರೆಂಬ ಸುದ್ದಿ ಹಬ್ಬಿದಾಗ ಮಠಾಧೀಶರು ತಂಡತಂಡವಾಗಿ ‘ಕಾವೇರಿ’ ನಿವಾಸಕ್ಕೆ ಬಂದು ಬೆಂಬಲ ಹೇಳಿ ಹೋದರು. ಜುಲೈ 25ರಂದು ಅರಮನೆ ಮೈದಾನದಲ್ಲಿ ಸಮಾವೇಶವನ್ನೂ ನಡೆಸಿದರು. 26ರಂದು ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ದೆಹಲಿಯವರು ಅರಮನೆ ಮೈದಾನದ ಕಡೆ ತಿರುಗಿಯೂ ನೋಡಲಿಲ್ಲ. 2023ರ ಮಾರ್ಚ್‌ನಲ್ಲಿ, ಚುನಾವಣೆಗೆ ವಾರಗಳಷ್ಟೇ ಇರುವಾಗ, ಬೊಮ್ಮಾಯಿ ಸರ್ಕಾರ ಮುಸ್ಲಿಮರ ಶೇ 4ರ ಮೀಸಲಾತಿಯನ್ನು ತೆಗೆದು ಒಕ್ಕಲಿಗ, ಲಿಂಗಾಯತ ಪ್ರವರ್ಗಗಳಿಗೆ ತಲಾ ಶೇ 2 ಹಂಚಿತು. ಪೀಠಗಳ ಒತ್ತಡಕ್ಕೆ ಮಣಿದು ಕೊಟ್ಟ ಆ ಕೊಡುಗೆಯಿಂದ ಬಿಜೆಪಿಗೆ ಗೆಲುವು ದಕ್ಕಲಿಲ್ಲ; 66 ಸ್ಥಾನಗಳಿಗೆ ನಿಂತಿತು. ಮಂತ್ರಿಗಿರಿಗಾಗಿ ಹರಿಹರದಲ್ಲಿ ಅಷ್ಟೆಲ್ಲ ರಂಪವಾಗಿ, ಒಂದು ವರ್ಷದ ಬಳಿಕ ಸಂಪುಟ ಸೇರಿದ್ದ ನಿರಾಣಿಯವರೂ ಬೀಳಗಿಯಲ್ಲಿ ಸೋತರು.

ಮಠದ ಮಾತಿನಿಂದ ಮತ ಬೀಳುವುದಿಲ್ಲ ಎಂಬುದು ನಮ್ಮಂಥವರಿಗೆ ಗೊತ್ತಿರುವಾಗ, ಬೂತ್ ಮಟ್ಟದ ಲೆಕ್ಕ ಬಾಯಿಪಾಠ ಇರುವ ರಾಜಕಾರಣಿಗಳಿಗೆ ಗೊತ್ತಿಲ್ಲದೆ ಇದ್ದೀತೇ? ಗೊತ್ತಿದೆ. ಆದರೂ ಅವರು ಮಠಕ್ಕೆ ಹೋಗುತ್ತಾರೆ, ಕಾಲಿಗೆ ಬೀಳುತ್ತಾರೆ, ಆ ಫೋಟೊ ಮರುದಿನದ ಪತ್ರಿಕೆಯಲ್ಲಿ ಬರುವಂತೆ ನೋಡಿಕೊಳ್ಳುತ್ತಾರೆ. ಕಾರಣ ತಿಳಿಯಬೇಕಿದ್ದರೆ ಸ್ವಾಮೀಜಿಗಳ ದನಿ ಜೋರಾಗುವ ಕಾಲವನ್ನು ಗಮನಿಸಬೇಕು. ಮತದಾನದ ಮುಂಚಿನ ದಿನಗಳಿಗಿಂತ ಸಂಪುಟ ರಚನೆ, ವಿಸ್ತರಣೆ, ನಾಯಕತ್ವ ಬದಲಾವಣೆಯ ಹೊತ್ತಿನಲ್ಲೇ ಅದು ಹೆಚ್ಚು ಕೇಳಿಸುತ್ತದೆ. 2024ರ ಜೂನ್‌ನಲ್ಲಿ ಕೆಂಪೇಗೌಡ ಜಯಂತಿಯ ವೇದಿಕೆಯಲ್ಲಿ ಒಕ್ಕಲಿಗ ಮಠದ ಚಂದ್ರಶೇಖರನಾಥ ಸ್ವಾಮೀಜಿ, ಮುಖ್ಯಮಂತ್ರಿ ಸಿದ್ದರಾಮಯ್ಯ ಎದುರಿಗಿರುವಾಗಲೇ, ಅವರು ಸ್ಥಾನ ಬಿಟ್ಟು ಡಿ.ಕೆ. ಶಿವಕುಮಾರ್ ಅವರಿಗೆ ಕೊಡಲಿ ಎಂದರು. ಲೋಕಸಭಾ ಚುನಾವಣೆ ಆಗಲೇ ಮುಗಿದಿತ್ತು, ವಿಧಾನಸಭೆಗೆ ವರ್ಷಗಳು ಬಾಕಿ ಇದ್ದವು. ಅದು ಮತದಾರನಿಗೆ ಹೇಳಿದ ಮಾತಾಗಿರಲಿಲ್ಲ. ದೆಹಲಿಯ ಹೈಕಮಾಂಡಿನ ಕಿವಿಗೆ ಬೀಳಲೆಂದು ಆಡಿದ್ದು. ‘ನಾನು ಇಂಥ ಜಾತಿಯವನು, ಅದಕ್ಕೇ ನನ್ನನ್ನು ಮಂತ್ರಿ ಮಾಡಿ’ ಎಂದು ಶಾಸಕನೊಬ್ಬ ತಾನೇ ಹೇಳಿಕೊಂಡರೆ ಅದು ಲಜ್ಜೆಗೇಡಿತನ. ಅದನ್ನೇ ಕಾವಿ ತೊಟ್ಟವರು ಹೇಳಿದರೆ ಸಮುದಾಯದ ನೋವು. ಪಕ್ಷದೊಳಗಿನ ಚೌಕಾಸಿಗೆ ಹೀಗೊಂದು ದನಿ ಬೇಕು, ಮಠ ಅದನ್ನು ಒದಗಿಸುತ್ತದೆ.

ಪ್ರತಿಯಾಗಿ ಮಠಕ್ಕೆ ಏನು ಸಿಗುತ್ತದೆ? ಇಲ್ಲಿ ತುಸು ನಿಧಾನಿಸಬೇಕು, ಏಕೆಂದರೆ ಮಠಗಳನ್ನು ಸುಮ್ಮನೆ ದೂರಿ ಮುಗಿಸಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಸರ್ಕಾರಿ ಶಾಲೆ ಇಲ್ಲದ, ಇದ್ದರೂ ಹಳ್ಳಿಯ ಬಡ ಹುಡುಗನಿಗೆ ಪೇಟೆಯಲ್ಲಿ ಉಳಿಯಲು ಜಾಗ ಸಿಗದ ಕಾಲದಲ್ಲಿ ಅನ್ನ, ಅಕ್ಷರ, ಆಶ್ರಯ ಕೊಟ್ಟದ್ದು ಮಠಗಳ ಉಚಿತ ಪ್ರಸಾದ ನಿಲಯಗಳು. ತುಮಕೂರಿನ ಸಿದ್ಧಗಂಗೆಯಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಒಟ್ಟಿಗೆ ಉಂಡು, ಓದಿ ಬೆಳೆದರು. ಅಲ್ಲಿನ ಶಿವಕುಮಾರ ಸ್ವಾಮೀಜಿ 2019ರ ಜನವರಿಯಲ್ಲಿ, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಬಂದ ಜನಸಾಗರದಲ್ಲಿ ಎಲ್ಲ ಪಕ್ಷದವರೂ ಎಲ್ಲ ಜಾತಿಯವರೂ ಇದ್ದರು. ಆ ಗೌರವ ಬಂದದ್ದು ಅಡುಗೆಮನೆಯಿಂದ ಮತ್ತು ಪಾಠಶಾಲೆಯಿಂದ. ಮೈಸೂರಿನ ಸುತ್ತೂರು ಮಠ 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಕಟ್ಟಿತು. ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮೀಜಿ 1974ರಲ್ಲಿ ಪೀಠಕ್ಕೆ ಬಂದ ಮೇಲೆ ಹಳೇ ಮೈಸೂರಿನುದ್ದಕ್ಕೂ ಶಾಲಾ ಕಾಲೇಜುಗಳು ತಲೆಯೆತ್ತಿದವು. ತೊಡಕು ಶುರುವಾಗಿದ್ದು ಈ ಬೆಳವಣಿಗೆಯ ಬೆನ್ನಲ್ಲೇ. ಪ್ರಸಾದ ನಿಲಯ ನಡೆಸಲು ಭಕ್ತರ ಜೋಳಿಗೆಯ ಧಾನ್ಯ ಸಾಕಿತ್ತು. ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜು ನಡೆಸಲು ಜಮೀನು ಮಂಜೂರಾಗಬೇಕು, ಸರ್ಕಾರದ ಅನುಮತಿ ಬೇಕು, ವಿಶ್ವವಿದ್ಯಾಲಯದ ಸಂಯೋಜನೆ ಬೇಕು, ಶುಲ್ಕ ಮತ್ತು ಸೀಟು ಹಂಚಿಕೆಯಲ್ಲಿ ಹಿತವಾದ ನಿಯಮ ಬೇಕು. ದೊಡ್ಡ ವಿದ್ಯಾಸಂಸ್ಥೆಯ ಅಧ್ಯಕ್ಷರಾದ ಗುರು ವಿಧಾನಸೌಧದ ಕಡತಗಳಿಗೆ ಕಾಯಲೇಬೇಕಾದ ಅರ್ಜಿದಾರರೂ ಆದರು. ಅನುಮತಿ ಕೊಡುವವನಿಗೆ ಆಶೀರ್ವಾದ ಮಾಡಿದಾಗ ಅದು ಎಷ್ಟರಮಟ್ಟಿಗೆ ಆಶೀರ್ವಾದ ಎಂಬ ಅನುಮಾನ ಭಕ್ತರಿಗೆ ಬಂದರೆ ತಪ್ಪೇನಿಲ್ಲ.

ಅನುದಾನದ ವಿಷಯಕ್ಕೆ ಬಂದರೆ ಈ ನಂಟಿನ ನಿಜರೂಪ ಇನ್ನೂ ನಿಚ್ಚಳ. 2022ರ ಏಪ್ರಿಲ್‌ನಲ್ಲಿ ದಿಂಗಾಲೇಶ್ವರ ಸ್ವಾಮೀಜಿ ಬಹಿರಂಗವಾಗಿ ಒಂದು ಆರೋಪ ಮಾಡಿದರು: ಮಠಗಳಿಗೆ ಮಂಜೂರಾದ ಅನುದಾನ ಕೈಗೆ ಬರಬೇಕಾದರೆ ಶೇ 30 ಕಮಿಷನ್ ಕೊಡಬೇಕು. ಗುತ್ತಿಗೆದಾರರ ಸಂಘ ಶೇ 40ರ ಆರೋಪ ಹೊರಿಸಿದ್ದ ದಿನಗಳವು. ಹಾಗಾಗಿ ಮಠಗಳಿಗೆ ಶೇ 10 ರಿಯಾಯಿತಿ ಸಿಕ್ಕಿದೆ ಎಂಬ ಕುಹಕವೂ ಕೇಳಿಬಂತು. ನಗೆಯಾಡಿ ಬಿಟ್ಟ ಆ ಮಾತಿನಲ್ಲಿ ಗಂಭೀರ ಸಂಗತಿ ಅಡಗಿತ್ತು. ಆರೋಪ ಸಾಬೀತಾಯಿತೋ ಇಲ್ಲವೋ ಎಂಬುದಕ್ಕಿಂತ, ಅದನ್ನು ಕೇಳಿದ ಜನರಲ್ಲಿ ಬಹುಪಾಲು ಯಾರಿಗೂ ಆಶ್ಚರ್ಯ ಆಗಲಿಲ್ಲ ಎಂಬುದು ಮುಖ್ಯ. ಕಮಿಷನ್ ಕೊಟ್ಟವರು ಯಾರು, ಪಡೆದವರು ಯಾರು, ಹಾಗೆ ಕೊಟ್ಟ ಹಣವನ್ನು ಯಾವ ಲೆಕ್ಕದಲ್ಲಿ ಬರೆದರು ಎಂದು ಉಳಿದ ಪೀಠಾಧಿಪತಿಗಳು ಒಕ್ಕೊರಲಿನಿಂದ ಕೇಳಬಹುದಿತ್ತು, ಕೇಳಲಿಲ್ಲ. ಮುಂದಿನ ಕಂತು ನಿಂತುಹೋದೀತೆಂಬ ಅಂಜಿಕೆ ಇದ್ದಿರಬೇಕು. ಮುಖ್ಯಮಂತ್ರಿಯನ್ನೇ ವೇದಿಕೆಯಲ್ಲಿ ಗದರಿಸಬಲ್ಲವರು ಇಲಾಖೆಯ ಗುಮಾಸ್ತನ ಮುಂದೆ ಮೌನವಾಗುತ್ತಾರೆ ಎಂದಾದರೆ, ಗದರಿಕೆಯನ್ನು ನಾವು ಬಲವೆಂದು ಎಣಿಸಬೇಕಿಲ್ಲ.

ದಾನಧರ್ಮ ರಾಜಪ್ರಭುತ್ವದ ಕಾಲದಿಂದ ಇದ್ದದ್ದೇ, ಇದರಲ್ಲಿ ಹೊಸದೇನು ಎಂದು ಕೇಳುವವರಿದ್ದಾರೆ. ಹೊಸದು ಗುಟ್ಟು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಕೋಡಿಯ ಮಠವನ್ನು ಕುರಿತ 1162ರ ಶಾಸನವನ್ನು ನೋಡಿ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು, ದೀನರಿಗೆ, ಅನಾಥರಿಗೆ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧ ಇತ್ತು ಎಂಬ ವಿವರ ಕಲ್ಲಿನ ಮೇಲಿದೆ. ಕನ್ನಡ ನಾಡಿನ ಸಾವಿರಾರು ದಾನಶಾಸನಗಳಲ್ಲಿ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಮತ್ತರು ಭೂಮಿ, ಅದರ ಚತುಸ್ಸೀಮೆ ಯಾವುದು, ಯಾವ ಕೆಲಸಕ್ಕೆ, ತಪ್ಪಿದವರಿಗೆ ಎಂಥ ಪಾಪ ತಟ್ಟುತ್ತದೆ ಎಂಬುದೆಲ್ಲ ಊರ ನಡುವೆ, ಓದಬಲ್ಲವರಿಗೆಲ್ಲ ಕಾಣುವ ಹಾಗೆ ಕೆತ್ತಿಸಿರುತ್ತಿದ್ದರು. ಇವತ್ತಿನ ಬಜೆಟ್ ಪುಸ್ತಕದಲ್ಲಿ ಹಲವು ಮಠಗಳನ್ನು ಒಂದೇ ಸಾಲಿನಲ್ಲಿ ಸೇರಿಸಿ ಒಟ್ಟು ಮೊತ್ತ ಬರೆದಿರುತ್ತಾರೆ. ಯಾವ ಮಠಕ್ಕೆ ಯಾಕೆ, ಪಕ್ಕದ ಮಠಕ್ಕೆ ಯಾಕಿಲ್ಲ ಎಂಬುದನ್ನು ಮುಖ್ಯಮಂತ್ರಿಯ ಮರ್ಜಿ ತೀರ್ಮಾನಿಸುತ್ತದೆ. ಎಂಟುನೂರು ವರ್ಷದ ಹಿಂದಿನ ಅರಸನ ದಾನಕ್ಕೆ ಇದ್ದಷ್ಟು ಪಾರದರ್ಶಕತೆ ಪ್ರಜಾಪ್ರಭುತ್ವದ ಅನುದಾನಕ್ಕೆ ಇಲ್ಲ. ರಾಜ್ಯದ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಮಠಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಮಠಗಳನ್ನೂ ನಿಯಂತ್ರಣಕ್ಕೆ ತರುವ ತಿದ್ದುಪಡಿ ಮಸೂದೆಯನ್ನು 2014ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮಂಡಿಸಿದ ಸರ್ಕಾರ, ವಿರೋಧ ಎದ್ದ ಮೇಲೆ ಅದನ್ನು ಹಿಂತೆಗೆದುಕೊಂಡಿತು. ಮಠದ ಸ್ವಂತ ಆಸ್ತಿಗೆ ಸರ್ಕಾರ ಕೈಹಾಕಬಾರದು ಎಂಬ ವಾದವನ್ನು ಒಪ್ಪೋಣ. ಸರ್ಕಾರದ ಹಣಕ್ಕೂ ಸರ್ಕಾರ ಲೆಕ್ಕ ಕೇಳಬಾರದು ಎಂದರೆ ಒಪ್ಪುವುದು ಹೇಗೆ?

ಮಠಗಳು ಮಾಡುವ ಸೇವೆಗೆ ಹೋಲಿಸಿದರೆ ಸರ್ಕಾರ ಕೊಡುವುದು ಅತ್ಯಲ್ಪ ಎಂಬ ಆಕ್ಷೇಪ ಇದೆ. ಇರಬಹುದು. ಹಾಗಿದ್ದರೆ ಸೇವೆಯನ್ನೇ ಅಳತೆಯಾಗಿ ಇಟ್ಟುಕೊಳ್ಳಲಿ. ಖಾಸಗಿ ಅನುದಾನಿತ ವಿದ್ಯಾರ್ಥಿನಿಲಯಗಳಿಗೆ ಮಕ್ಕಳ ತಲೆಯೆಣಿಕೆಯ ಮೇಲೆ ಭೋಜನ ವೆಚ್ಚ ಕೊಡುವ ಪದ್ಧತಿ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯಲ್ಲಿ ಆಗಲೇ ಇದೆ. ಮಗು ಇದ್ದರೆ ಹಣ ಉಂಟು, ಇಲ್ಲದಿದ್ದರೆ ಇಲ್ಲ. ಅಲ್ಲಿ ಸ್ವಾಮೀಜಿ ಯಾವ ಮಂತ್ರಿಯನ್ನು ಹೊಗಳಬೇಕಾಗಿಯೂ ಇಲ್ಲ, ಹೆದರಿಸಬೇಕಾಗಿಯೂ ಇಲ್ಲ. ಇಡಿಗಂಟಿನಲ್ಲಿ ಹೋಗುವ ಹಣದ ಕಥೆ ಬೇರೆ. ಅದು ಸಮುದಾಯ ಭವನಕ್ಕೋ ಕಲ್ಯಾಣ ಮಂಟಪಕ್ಕೋ ಮಹಾದ್ವಾರಕ್ಕೋ ಮಂಜೂರಾಗುತ್ತದೆ. ಶಿಲಾನ್ಯಾಸಕ್ಕೆ ಮಂತ್ರಿ ಬರುತ್ತಾರೆ, ಉದ್ಘಾಟನೆಗೆ ಮುಖ್ಯಮಂತ್ರಿ ಬರುತ್ತಾರೆ, ಎರಡು ಸಲವೂ ಅಡ್ಡಪಲ್ಲಕ್ಕಿ ಹೊರಡುತ್ತದೆ. ಯಾವುದೇ ಒಂದು ಧರ್ಮದ ಪೋಷಣೆಗೆಂದೇ ತೆಗೆದಿರಿಸುವ ತೆರಿಗೆಯನ್ನು ಕಟ್ಟುವಂತೆ ಯಾರನ್ನೂ ಬಲವಂತಪಡಿಸಬಾರದು ಎನ್ನುತ್ತದೆ ಸಂವಿಧಾನದ 27ನೇ ವಿಧಿ. ಮಕ್ಕಳ ಊಟದ ಖರ್ಚಿಗೆ ಆ ವಿಧಿ ಅಡ್ಡಬರುವುದಿಲ್ಲ. ಮಹಾದ್ವಾರದ ವಿಷಯದಲ್ಲಿ ಹಾಗೆ ಧೈರ್ಯವಾಗಿ ಹೇಳಲಾಗದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ದನಿಯಿಲ್ಲದ ಸಮುದಾಯಗಳ ಕಡೆಯಿಂದ ಬರುತ್ತದೆ. ಬಲಾಢ್ಯ ಜಾತಿಗಳ ಮಠಗಳು ಶತಮಾನಗಳಿಂದ ಅರಸರ, ಆಮೇಲೆ ಮಂತ್ರಿಗಳ ಆಸರೆಯಲ್ಲಿ ಬೆಳೆದವು. ಕುರುಬರ ಕಾಗಿನೆಲೆ ಕನಕ ಗುರುಪೀಠ, ನಾಯಕರ ರಾಜನಹಳ್ಳಿ ವಾಲ್ಮೀಕಿ ಗುರುಪೀಠ, ಚಿತ್ರದುರ್ಗದ ಮಾದಾರ ಚನ್ನಯ್ಯ ಗುರುಪೀಠದಂಥವು ಹುಟ್ಟಿ ಎಷ್ಟು ಕಾಲವಾಯಿತು, ಇವರ ಸರದಿ ಬಂದಾಗಲೇ ಮಠಕ್ಕೂ ರಾಜಕೀಯಕ್ಕೂ ಗೋಡೆ ಕಟ್ಟಬೇಕೇ ಎಂದು ಅವರು ಕೇಳಬಹುದು. ವಾಲ್ಮೀಕಿ ಪೀಠದ ಪ್ರಸನ್ನಾನಂದ ಸ್ವಾಮೀಜಿ 2019ರಲ್ಲಿ ಬೆಂಗಳೂರಿಗೆ ಪಾದಯಾತ್ರೆ ಬಂದರು. 2022ರಲ್ಲಿ ಫ್ರೀಡಂ ಪಾರ್ಕಿನಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಧರಣಿ ಕೂತರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿ ಶೇ 3ರಿಂದ 7ಕ್ಕೆ, ಪರಿಶಿಷ್ಟ ಜಾತಿಯದು ಶೇ 15ರಿಂದ 17ಕ್ಕೆ ಏರಿತು. ಆ ಧರಣಿಯನ್ನು ನಾನು ತಪ್ಪೆನ್ನಲಾರೆ. ಆದರೆ ಅದು ನಡೆದ ಬಗೆಯನ್ನು ಗಮನಿಸಿ. ಬೇಡಿಕೆ ಬೀದಿಯಲ್ಲಿತ್ತು, ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಯಾರು ಬೇಕಾದರೂ ಅದನ್ನು ಪ್ರಶ್ನಿಸಬಹುದಿತ್ತು. ಅದರ ಬೆನ್ನಿಗೆ ಮೀಸಲಾತಿ ಕುರಿತ ನಾಗಮೋಹನದಾಸ್ ಆಯೋಗದ ವರದಿ ಇತ್ತು. ಫಲ ಒಬ್ಬ ಶಾಸಕನಿಗೆ ದಕ್ಕುವ ಖಾತೆಯಾಗಿರಲಿಲ್ಲ. ಇಡೀ ವರ್ಗದ ಮಕ್ಕಳ ಓದು ಮತ್ತು ಕೆಲಸದ ಹಕ್ಕಾಗಿತ್ತು. ಮುಂದಿನ ಮಾರ್ಚ್‌ನಲ್ಲಿ ಅವಸರದಿಂದ ಹೊರಡಿಸಿದ ಮೀಸಲಾತಿ ಮರುಹಂಚಿಕೆ ಆದೇಶದ ಪಾಡು ಏನಾಯಿತು? ಅದರ ಬುನಾದಿಯೇ ಮೇಲ್ನೋಟಕ್ಕೆ ಅಲುಗಾಡುವಂತಿದೆ ಎಂದು ಸುಪ್ರೀಂ ಕೋರ್ಟ್ ಅಭಿಪ್ರಾಯಪಟ್ಟಿತು. ಸದ್ಯಕ್ಕೆ ಜಾರಿ ಮಾಡುವುದಿಲ್ಲವೆಂದು ಸರ್ಕಾರವೇ ಹೇಳಬೇಕಾಯಿತು. ಮಠದ ಒತ್ತಡ ಎಲ್ಲ ಕಾಲಕ್ಕೂ ಕೆಟ್ಟದ್ದೆಂದು ತೀರ್ಪು ಕೊಡುವ ಬದಲು, ಒತ್ತಡದ ಹಿಂದೆ ದಾಖಲೆ ಇದೆಯೇ, ಫಲ ಯಾರಿಗೆ ಸೇರುತ್ತದೆ ಎಂದು ಕೇಳುವುದು ಸರಿಯಾದ ದಾರಿ.

ಸ್ವಾಮೀಜಿಯೂ ಒಬ್ಬ ನಾಗರಿಕ, ಅವರಿಗೆ ವಾಕ್‌ಸ್ವಾತಂತ್ರ್ಯ ಇಲ್ಲವೇ ಎಂಬ ಮಾತಿಗೆ ನ್ಯಾಯಾಲಯ ಆರು ದಶಕಗಳ ಹಿಂದೆಯೇ ಉತ್ತರ ಕೊಟ್ಟಿದೆ. ಪಂಜಾಬಿನಲ್ಲಿ ನಾಮಧಾರಿ ಸಿಖ್ಖರ ಗುರು, ಇಂಥವರಿಗೇ ಮತ ಹಾಕಿ ಎಂದು ಅನುಯಾಯಿಗಳಿಗೆ ಫರ್ಮಾನು ಹೊರಡಿಸಿದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ರಾಮ್ ದಯಾಳ್ ವಿರುದ್ಧ ಸಂತ ಲಾಲ್ ಎಂಬ ಆ ಪ್ರಕರಣದಲ್ಲಿ 1959ರಲ್ಲಿ ತೀರ್ಪು ಬಂತು. ಧಾರ್ಮಿಕ ಮುಖಂಡರಿಗೂ ಅಭ್ಯರ್ಥಿಗಳ ಗುಣಾವಗುಣದ ಬಗ್ಗೆ ಅಭಿಪ್ರಾಯ ಹೇಳುವ ಹಕ್ಕಿದೆ, ಆದರೆ ಮೀರಿದರೆ ದೈವದ ಅವಕೃಪೆಗೆ ಗುರಿಯಾದೀರಿ ಎಂಬ ಭಾವನೆ ಹುಟ್ಟಿಸಿ ಮತದಾರನಿಗೆ ಆಯ್ಕೆಯೇ ಇಲ್ಲದಂತೆ ಮಾಡಿದರೆ ಅದು ಚುನಾವಣಾ ಭ್ರಷ್ಟಾಚಾರ ಎಂಬುದು ಆ ತೀರ್ಪಿನ ತಿರುಳು. ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್‌ನಲ್ಲಿ ಇದು ಇದೆ. ಧರ್ಮ, ಜಾತಿಯ ಹೆಸರಿನಲ್ಲಿ ಮತ ಕೇಳುವುದೂ ಚುನಾವಣಾ ಭ್ರಷ್ಟಾಚಾರ ಎಂಬುದನ್ನು 2017ರ ಜನವರಿಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಇನ್ನಷ್ಟು ಬಿಗಿಗೊಳಿಸಿತು. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ಎಂಬುದೊಂದಿದೆ, ಹೆಚ್ಚಿನವರಿಗೆ ಅದರ ಹೆಸರೇ ಗೊತ್ತಿಲ್ಲ. ಧಾರ್ಮಿಕ ಸಂಸ್ಥೆಯ ಆವರಣವನ್ನಾಗಲಿ, ಅದರ ಉತ್ಸವ, ಸಮಾರಂಭವನ್ನಾಗಲಿ ರಾಜಕೀಯ ಚಟುವಟಿಕೆಗೆ ಬಿಟ್ಟುಕೊಟ್ಟರೆ ಸಂಸ್ಥೆಯ ಹೊಣೆ ಹೊತ್ತವರಿಗೆ ಐದು ವರ್ಷದವರೆಗೆ ಜೈಲು ಎಂದು ಅದು ಹೇಳುತ್ತದೆ. ನಮ್ಮ ಜಾತ್ರೆಗಳ ವೇದಿಕೆಗೆ ಅದನ್ನು ಅಕ್ಷರಶಃ ಅನ್ವಯಿಸಿದರೆ ಎಷ್ಟು ಮಠಗಳು ಪಾರಾದಾವು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ಹಿಂದೂ ಮಠಗಳನ್ನಷ್ಟೇ ಯಾಕೆ ಹಿಡಿಯುತ್ತೀರಿ ಎನ್ನುವವರಿಗೆ ಒಂದು ಮಾತು. 1977ರಲ್ಲಿ ಜನತಾ ಪಕ್ಷಕ್ಕೂ 1980ರಲ್ಲಿ ಇಂದಿರಾ ಕಾಂಗ್ರೆಸ್ಸಿಗೂ ಬೆಂಬಲ ಸಾರಿದ ದೆಹಲಿ ಜಾಮಾ ಮಸೀದಿಯ ಇಮಾಮರ ನಡೆಗೂ, 1959ರಲ್ಲಿ ಕೇರಳದ ಇಎಂಎಸ್ ಸರ್ಕಾರದ ವಿರುದ್ಧದ ಚಳವಳಿಗೆ ಇಳಿದ ಚರ್ಚಿಗೂ, ಹರಿಯಾಣದ ಡೇರಾಗಳಿಗೂ ಇದೇ ಅಳತೆಗೋಲು ಸಲ್ಲಬೇಕು.

ಈ ನಂಟಿನಲ್ಲಿ ನಷ್ಟ ಆದದ್ದು ರಾಜಕೀಯಕ್ಕಿಂತ ಮಠಕ್ಕೇ ಹೆಚ್ಚು. ಪಂಚಮಸಾಲಿ ಸಮುದಾಯವನ್ನೇ ನೋಡಿ: ಹರಿಹರದಲ್ಲೊಂದು ಪೀಠ, ಕೂಡಲಸಂಗಮದಲ್ಲೊಂದು, 2022ರಲ್ಲಿ ಜಮಖಂಡಿ ಬಳಿಯ ಆಲಗೂರಿನಲ್ಲಿ ಮೂರನೆಯದು. ಪ್ರತಿ ಪೀಠದ ಹಿಂದೆಯೂ ಒಬ್ಬೊಬ್ಬ ರಾಜಕಾರಣಿಯ ಹೆಸರನ್ನು ಜನ ಎತ್ತಿ ಹೇಳುತ್ತಾರೆ. ಕೂಡಲಸಂಗಮದ ಬಸವ ಜಯಮೃತ್ಯುಂಜಯ ಸ್ವಾಮೀಜಿ 2ಎ ಮೀಸಲಾತಿಗಾಗಿ 2021ರಲ್ಲಿ ಬೆಂಗಳೂರಿನವರೆಗೆ ನಡೆದು ಬಂದರು. ಆ ಹೋರಾಟ ಸಾಲು ಸಾಲು ಸರ್ಕಾರಗಳ ನಿದ್ದೆಗೆಡಿಸಿತ್ತು. ಅವರನ್ನೇ 2025ರ ಸೆಪ್ಟೆಂಬರ್‌ನಲ್ಲಿ ಪೀಠದ ಟ್ರಸ್ಟ್ ಉಚ್ಚಾಟಿಸಿತು. ಟ್ರಸ್ಟಿನ ಅಂದಿನ ಅಧ್ಯಕ್ಷರು ಆಗಿನ ಆಡಳಿತ ಪಕ್ಷದ ಶಾಸಕರಾಗಿದ್ದರು. ಇಬ್ಬರಲ್ಲಿ ಯಾರ ವಾದ ಸರಿ ಎಂಬುದು ಬೇರೆ ಮಾತು. ಶಾಸಕರೊಬ್ಬರ ಸಭೆ ಗುರುವನ್ನು ಪೀಠದಿಂದ ಇಳಿಸಬಲ್ಲದು, ಗುರುವಿನ ಗುಡುಗು ಶಾಸಕನನ್ನು ಮಂತ್ರಿ ಮಾಡಿಸಲು ವರ್ಷ ಹಿಡಿಯುತ್ತದೆ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹಗ್ಗ ಯಾರ ಕೈಯಲ್ಲಿದೆ ಎಂಬುದು ತಿಳಿಯುತ್ತದೆ.

ಹಾಗಾಗಿ ಸ್ವಾಮೀಜಿಗಳು ಬಾಯಿ ಮುಚ್ಚಿಕೊಳ್ಳಲಿ ಎಂದು ಒತ್ತಾಯಿಸುವುದರಲ್ಲಿ ನನಗೆ ಆಸಕ್ತಿ ಇಲ್ಲ. ಅವರು ಮಾತಾಡಲಿ. ಸರ್ಕಾರ ಮಾತ್ರ ಮಠಗಳ ಹೆಸರಿನಲ್ಲಿ ಇಡಿಗಂಟು ಕೊಡುವುದನ್ನು ನಿಲ್ಲಿಸಬೇಕು. ಕೊಡುವುದಿದ್ದರೆ ಮಕ್ಕಳ ಸಂಖ್ಯೆ, ಹಾಸಿಗೆಗಳ ಸಂಖ್ಯೆ ಇಂಥ ಅಳತೆಯ ಮೇಲೆ ಕೊಡಲಿ. ಎಲ್ಲ ಜಾತಿ, ಎಲ್ಲ ಧರ್ಮದ ಸಂಸ್ಥೆಗಳಿಗೆ ಒಂದೇ ನಿಯಮ ಇರಲಿ. ಪಡೆದವರ ಪಟ್ಟಿ, ಮೊತ್ತ, ಬಳಕೆ ಪ್ರಮಾಣಪತ್ರ ಇಲಾಖೆಯ ಜಾಲತಾಣದಲ್ಲಿ ಎಲ್ಲರಿಗೂ ಸಿಗಲಿ. ಯಾವ ಪಕ್ಷವೂ ಇದನ್ನು ತಾನಾಗಿ ಮಾಡುವುದಿಲ್ಲ, ಏಕೆಂದರೆ ಮರ್ಜಿಯ ಅನುದಾನ ಎಲ್ಲ ಪಕ್ಷಗಳಿಗೂ ಬೇಕು. ಕೇಳಬೇಕಾದವರು ಭಕ್ತರು. ನಿಮ್ಮ ತಾಲ್ಲೂಕಿನ ಮಠಕ್ಕೆ ಕಳೆದ ಐದು ವರ್ಷಗಳಲ್ಲಿ ಸರ್ಕಾರದಿಂದ ಎಷ್ಟು ಹಣ ಬಂತು, ಯಾವ ಕೆಲಸಕ್ಕೆ ಬಂತು, ಆ ಕೆಲಸದ ಬಳಕೆ ಪ್ರಮಾಣಪತ್ರ ಸಲ್ಲಿಕೆಯಾಗಿದೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳಬಹುದು. ಕರ್ನಾಟಕದಲ್ಲಿ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದಗಳ ಮಿತಿ. ಉತ್ತರ ಕೊಡಲು ಇಲಾಖೆಗೆ ಮೂವತ್ತು ದಿನಗಳ ಗಡುವಿದೆ.